ಹಾಲು ಕಹಿಯಾದ ದಿನ

ಮಕ್ಕಳೇ, ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ನಾವಿದ್ದ ನಂದಿದುರ್ಗ ಚಿನ್ನದ ಗಣಿಯ ಲೈನಿನಲ್ಲಿ, ಅಂದರೆ ಕೆಲಸಗಾರರ ಮನೆಸಾಲಿನಲ್ಲಿ, ಗಾಳಿ ಸೋಕಿತು, ದೃಷ್ಟಿ ತಾಕಿತು ಎನ್ನುವವರು ಬೇಕಾದಷ್ಟಿದ್ದರು. ಕೇಳಿ ಸುಮ್ಮನೆ ಎದ್ದು ಬರುತ್ತಿದ್ದೆ. ಎದೆಹಾಲಿನ ವಿಷಯ, ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯುತ್ತೇನೆ.

ಐವತ್ತರ ದಶಕದ ಕೊನೆ. ನಿಮ್ಮ ತಾತ ಬೆಂಗಳೂರಿನಲ್ಲಿದ್ದುಕೊಂಡು ಮಲೇರಿಯಾಕ್ಕೆ ಹೊಸ ಔಷಧಿ ಹುಡುಕುತ್ತಿದ್ದರು. ಅದು ಮುಗಿದರೆ ಡಾಕ್ಟರೇಟ್. ಕೋಳಿಮರಿಗಳಿಗೆ ಜ್ವರ ಬರಿಸಿ, ತಾವು ತಯಾರಿಸಿದ ಪುಡಿ ಕೊಟ್ಟು ನೋಡುವುದು ಅವರ ಕೆಲಸ. "ಮರಿಗಳು ಬದುಕಿದ್ವು. ಇನ್ನು ಮನುಷ್ಯರು ಯಾರಾದ್ರೂ ನುಂಗಿ ನೋಡ್ಬೇಕು," ಎಂದು ಹೇಳಿ, ಮನೆಗೆ ಬಂದಿದ್ದವರು ಭಾನುವಾರ ರೈಲು ಹತ್ತಿದ್ದರು. ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು.

ಅದೇ ವಾರ ಒಂದು ಬೆಳಿಗ್ಗೆ ನಿಮ್ಮಪ್ಪ, ಆಗಿನ್ನೂ ಎಳೆಗೂಸು, ಎದೆಗೆ ಬಾಯಿಟ್ಟವನು ಮುಖ ಕಿವುಚಿ ಚೀರಿದ. ಮತ್ತೆ ಕೊಟ್ಟರೂ ಹಾಗೆಯೇ. ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು: "ಬೇವು ಅಚ್ಕಂಡಿದ್ದೀಯೇನಮ್ಮೀ? ಆಲು ಬಿಡ್ಸೋಕೆ ಈಗ್ಲೇ ಏನವಸ್ರ? ಕೂಸಿಗಿನ್ನೂ ಅಲ್ಲು ಮೂಡಿಲ್ಲ."

ಇಲ್ಲವೆಂದರೂ ನಂಬದೆ, ಒಂದು ಹನಿ ನಾಲಿಗೆಗೆ ಮುಟ್ಟಿಸಿ ಉಗಿದರು. "ಬೇವಲ್ಲ ಇದು, ಇನ್ನೇನೋ." ನಾನೂ ರುಚಿ ನೋಡಿದೆ. ಮೊದಲು ಕಹಿ, ಆಮೇಲೆ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ.

ತಟ್ಟನೆ ಆ ಪುಡಿಯ ನೆನಪಾಯಿತು. ಯಾಕೆಂದು ಹೇಳಲಾರೆ. ಒಬ್ಬಳೇ ಎಲ್ಲಿಗೂ ಹೋದವಳಲ್ಲ ನಾನು. ಅತ್ತೆ ಬೈಯುತ್ತಿರುವಾಗಲೇ ಮಗುವನ್ನೆತ್ತಿಕೊಂಡು ನಮ್ಮ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಬಂದೆ. ಅಲ್ಲಿ ಮಧ್ಯಾಹ್ನ ಬೆಂಗಳೂರಿನ ಗಾಡಿ ಕಾಯುತ್ತಿದ್ದಾಗ, ಅತ್ತು ಸೋತ ಮಗು ತಾನಾಗಿಯೇ ಸೆರಗು ಎಳೆದು ಗಟಗಟನೆ ಹಾಲು ಕುಡಿಯಿತು. ಸಂತೋಷಪಡುವ ಬದಲು ಗಾಡಿ ಬರುವ ದಿಕ್ಕನ್ನೇ ನೋಡುತ್ತ ನಿಂತೆ. ಕಹಿ ಹೋಯಿತೆಂದರೆ ನಿಮ್ಮ ತಾತ ಉಳಿದರೋ, ಹೋಗಿಬಿಟ್ಟರೋ?

ಸಂಜೆ ಬೆಂಗಳೂರು ಮುಟ್ಟಿದಾಗ ಅವರು ಹಾಸ್ಟೆಲಿನ ಕೋಣೆಯಲ್ಲಿ ಮಲಗಿದ್ದರು. ಕಣ್ಣು ಗುಳಿಬಿದ್ದಿತ್ತು. ಬೆಳಿಗ್ಗೆ ಪುಡಿ ನುಂಗಿದ್ದರಂತೆ. ಮಧ್ಯಾಹ್ನ ಎಲ್ಲ ವಾಂತಿಯಾದ ಮೇಲೆ ಜೀವ ಬಂತಂತೆ. ನಡೆದದ್ದನ್ನು ಹೇಳಿದೆ. ನಕ್ಕರು.

"ನಾನು ನುಂಗಿದ್ದು ನಿನ್ನ ಆಲಿಗೆ ಎಂಗೆ ಬತ್ತದೆ ಕಣೇ? ಮಾರಿಕುಪ್ಪಂ ರೈಲು ಹತ್ಕಂಡು ಬಂತಾ?"

"ಅದು ಕಹಿನಾ?" ಎಂದೆ.

"ಯಾರಿಗ್ಗೊತ್ತು, ಬಾಳೆಹಣ್ಣಿನೊಳಗಿಟ್ಟು ನುಂಗ್ದೆ."

ನಾನು ರುಚಿ ಹೇಳಿದೆ, ಮೊಳೆ ನೆಕ್ಕಿದಂತಿದ್ದದ್ದನ್ನೂ ಸೇರಿಸಿ. ಅವರು ಮೆಲ್ಲಗೆ ಎದ್ದು ಸೀಸೆಯಿಂದ ಚೂರು ಪುಡಿ ನಾಲಿಗೆಗೆ ತಾಗಿಸಿಕೊಂಡರು. "ಅದೇ ಮೊಳೆ ಕಣೇ," ಎಂದು ಸೀಸೆಯ ಮುಚ್ಚಳ ಬಿಗಿದರು.

ಮುಂದೆ ಅವರಿಗೆ ಡಾಕ್ಟರೇಟ್ ಬಂತು. ಎಷ್ಟೋ ಔಷಧಿಗಳ ಮೇಲೆ ಕೆಲಸ ಮಾಡಿದರು, ತಾವು ಮಾತ್ರ ಮತ್ತೆಂದೂ ನುಂಗಲಿಲ್ಲ. ಆ ದಿನದ ಕಾರಣ ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದರು. ಅಷ್ಟು ಓದಿದವರ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ನನಗೆ ಇನ್ನಷ್ಟು ಭಯವಾಗುತ್ತಿತ್ತು.