ರೊಟ್ಟಿ ಹಿಟ್ಟಿಗೆ ಬಿದ್ದ ಗಿರಿಜಾದೇವಿಯ ಪುಡಿ

ಬಸವೇಶ್ವರನಗರದಲ್ಲಿ ಗಿರಿಜಾದೇವಿ ಅಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ರೊಟ್ಟಿ ಗಿರಿಜಮ್ಮ ಅಂದರೆ ಆಟೋದವರೂ ಬಾಗಿಲಿಗೇ ತಂದು ಬಿಡುತ್ತಾರೆ. ರಾಣೆಬೆನ್ನೂರಿನಿಂದ ಮದುವೆಯಾಗಿ ಬಂದವಳು. ಮನೆ ಮುಂದಿನ ಕಾರ್ ಶೆಡ್ಡಿನಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಮಾರುತ್ತಾಳೆ. ಹಿಟ್ಟು ನಾದುವುದಕ್ಕೆ ಕಾಮಾಕ್ಷಿಪಾಳ್ಯದಿಂದ ವರಲಕ್ಷ್ಮಿ ಬರುತ್ತಾಳೆ. ಬಡಿಯುವುದು, ಬೇಯಿಸುವುದು ಮಾತ್ರ ಗಿರಿಜಾದೇವಿಯದೇ. ಹಂಚಿನ ಮುಂದೆ ಇನ್ನೊಬ್ಬರು ಕೂತರೆ ತನ್ನ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದಷ್ಟು ಸಂಕಟ ಅವಳಿಗೆ.

ಅಂಥವಳಿಗೆ ಐವತ್ತು ದಾಟುತ್ತಲೇ ಕಾಟ ಶುರುವಾಯಿತು. ಮುಟ್ಟು ನಿಲ್ಲುವ ಕಾಲ. ಕೂತ ಹಾಗೇ ಎದೆಯಿಂದ ಬಿಸಿ ಎದ್ದು ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಏರುತ್ತಿತ್ತು. ಮುಂದೊಂದು ಒಲೆ, ಒಳಗೊಂದು ಒಲೆ. ಒಂದು ದಿನ ಫ್ರಿಜ್ಜಿನ ಬಾಗಿಲು ತೆಗೆದು ತಲೆ ಒಳಗಿಟ್ಟು ನಿಂತಿದ್ದಾಗ ಗಂಡ ಚನ್ನವೀರೇಶ ಬಂದುಬಿಟ್ಟ.

"ಏನೇ ಹುಡುಕ್ತಾ ಇದೀಯ?"

"ಕೊತ್ತಂಬರಿ ಸೊಪ್ಪು."

"ಕೊತ್ತಂಬರಿ ಸೊಪ್ಪು ಹುಡುಕೋಕೆ ಕಣ್ಣು ಮುಚ್ಕೋಬೇಕಾ?"

ಅವನಿಗೆ ಹೇಳುವ ಹಾಗಿರಲಿಲ್ಲ. ರಿಟೈರ್ ಆದಾಗಿನಿಂದ ಆ ಶೆಡ್ಡನ್ನು ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಕೊಡಬೇಕೆಂದು ಅವನ ಆಸೆ. "ವಯಸ್ಸಾಯ್ತು, ಸಾಕು ಬಿಡೇ" ಎಂದು ದಿನವೂ ರಾಗ ತೆಗೆಯುತ್ತಿದ್ದ. ಒಂದು ನೆಪ ಸಿಕ್ಕಿದರೆ ಸಾಕು, ಮಾರನೆಯ ದಿನವೇ ಹಂಚು ಅಟ್ಟ ಸೇರುವುದು ಖಂಡಿತ. ಆದ್ದರಿಂದ ಗಿರಿಜಾದೇವಿ ಬೆವರನ್ನೆಲ್ಲ ಒಲೆಯ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದಳು.

ನಾಗರಬಾವಿಯಲ್ಲಿರುವ ಮಗಳು ಶಿವರಂಜನಿ ಮಾತ್ರ ಗುಟ್ಟು ಹಿಡಿದಳು. "ಅಮ್ಮಾ, ಒಂದು ಪುಡಿ ತರಿಸಿಕೊಡ್ತೀನಿ. ಎಲ್ಲಾ ಗಿಡದ್ದೇ. ಸೋಯಾ, ಅಗಸೆ ಬೀಜ, ಶತಾವರಿ ಬೇರು. ಆದ್ರೂ ಡಾಕ್ಟರನ್ನ ಒಂದು ಮಾತು ಕೇಳ್ಕೊಂಡು ತಗೋ" ಅಂದಳು. ಗಿರಿಜಾದೇವಿಯ ಕಿವಿ ಮೊದಲರ್ಧ ಕೇಳಿಸಿಕೊಂಡು ಉಳಿದರ್ಧವನ್ನು ಹೊರಗೇ ನಿಲ್ಲಿಸಿತು.

ಡಬ್ಬ ಬಂತು. ಅದರ ಮೇಲೆ ಬೆಳ್ಳಗಿನ ಕೂದಲಿನ ಹೆಂಗಸೊಬ್ಬಳು ಮೂವತ್ತೆರಡು ಹಲ್ಲೂ ಬಿಟ್ಟು ನಗುತ್ತಿದ್ದಳು. ಗಂಡನ ಕಣ್ಣಿಗೆ ಬೀಳದಿರಲೆಂದು ಗಿರಿಜಾದೇವಿ ಆ ನಗುವವಳನ್ನು ಕಸದವರಿಗೆ ಕೊಟ್ಟು, ಪುಡಿಯನ್ನು ಸ್ಟೀಲ್ ಡಬ್ಬಿಗೆ ಸುರಿದು ಶೆಡ್ಡಿನ ಹಲಗೆಯ ಮೇಲೆ ಹಿಟ್ಟಿನ ಡಬ್ಬಿಗಳ ಸಾಲಿನಲ್ಲಿಟ್ಟಳು. ದಿನಾ ಒಂದು ಚಮಚ ಮಜ್ಜಿಗೆಗೆ ಕದಡಿ ಕುಡಿಯುವಳು. ಒಂದು ದಿನ ತಣ್ಣಗಿದೆ ಅನ್ನಿಸುವುದು, ಇನ್ನೊಂದು ದಿನ ಇಲ್ಲ.

ಹೀಗಿರುವಾಗ ರಾಜಾಜಿನಗರದ ಜಂಬಣ್ಣನವರ ಮಗಳ ನಿಶ್ಚಿತಾರ್ಥಕ್ಕೆ ರೊಟ್ಟಿಯ ಆರ್ಡರ್ ಬಂತು. ಬೀಗರು ದಾವಣಗೆರೆ ಕಡೆಯವರು, ರೊಟ್ಟಿ ಮುರಿಯುವ ಸದ್ದಿನಲ್ಲೇ ಹಣೆಬರಹ ಹೇಳುವ ಜನ. ಚನ್ನವೀರೇಶ ಮೊದಲೇ ಎಚ್ಚರಿಸಿದ: "ಈ ಆರ್ಡರ್‌ನಲ್ಲಿ ಹೆಸರು ಕೆಡ್ತೋ, ಶೆಡ್ಡು ಮೊಬೈಲಿನೋರ್ದು."

ಆ ಬೆಳಿಗ್ಗೆ ಜೋಳದ ಹಿಟ್ಟು ಕೈಕೊಟ್ಟಿತು. ಹಳೆಯ ಜೋಳ, ಜಿಗಿಯಿಲ್ಲ. ಅಂಟಿಲ್ಲದ ಹಿಟ್ಟು ಬಡಿದರೆ ಅಂಚೆಲ್ಲ ಬಿರುಕು. ಅಂಥ ಹಿಟ್ಟಿಗೆ ಒಂದೊಂದು ಹಿಡಿ ಉದ್ದಿನ ಹಿಟ್ಟು ಸೇರಿಸಿ ನಾದುವುದು ಗಿರಿಜಾದೇವಿಯ ಪದ್ಧತಿ. ಆದರೆ ಆ ಹೊತ್ತಿಗೇ ಅವಳಿಗೆ ಬಿಸಿ ಏರಿ, ಹಿತ್ತಲಿನ ನಲ್ಲಿಗೆ ತಲೆ ಕೊಟ್ಟಿದ್ದಳು. ವರಲಕ್ಷ್ಮಿ ಕಾಯಲಿಲ್ಲ. ಹಲಗೆಯಿಂದ ಒಂದು ಡಬ್ಬಿ ಇಳಿಸಿ ಹಿಡಿ ಹಿಡಿಯಾಗಿ ಹಾಕಿ ನಾದಿದಳು. ಹಿಟ್ಟು ಬೆಣ್ಣೆಯ ಹಾಗೆ ಕೂಡಿಕೊಂಡಿತು. ಗಿರಿಜಾದೇವಿ ಬಂದು ಬಡಿದರೆ ರೊಟ್ಟಿ ಹುಣ್ಣಿಮೆ ಚಂದ್ರ, ಒಂದು ಬಿರುಕಿಲ್ಲ. ಚನ್ನವೀರೇಶ ಬೆಣ್ಣೆ ಸವರಿಕೊಂಡು ನಿಂತಲ್ಲೇ ಮೂರು ಮುಗಿಸಿದ.

ರೊಟ್ಟಿ ಹೊತ್ತ ಆಟೋ ಹೋದ ಮೇಲೆ ಅವಳು ಮಜ್ಜಿಗೆಗೆಂದು ಡಬ್ಬಿಗೆ ಕೈ ಹಾಕಿದಳು. ಬರೀ ತಳ.

"ಲಕ್ಷ್ಮೀ, ಇದ್ಯಾಕೆ ಖಾಲಿ?"

"ಉದ್ದಿನ ಹಿಟ್ಟಲ್ವಾ ಅಕ್ಕ? ಹಿಟ್ಟು ಬಿರೀತಾ ಇತ್ತು, ನೀವು ಆಚೆ ಹೋಗಿದ್ರಿ, ಹಾಕ್ಬಿಟ್ಟೆ. ನೋಡಿ ಹೆಂಗ್ ಬಂತು ರೊಟ್ಟಿ!"

"ಅಯ್ಯ ನನ ಶಿವನ! ಅದು ಉದ್ದಲ್ಲ ಕಣೇ, ನನ್ನ ಔಷಧಿ!"

ಯಾವ ಔಷಧಿ ಎಂದು ಕಿವಿಯಲ್ಲಿ ಹೇಳಿದ ಮೇಲೆ ವರಲಕ್ಷ್ಮಿ ಬಾಯಿಗೆ ಸೆರಗು ತುರುಕಿಕೊಂಡಳು. "ಅಂದ್ರೆ ಅಕ್ಕ, ಜಂಬಣ್ಣ ಸಾರ್‌ಗೂ ಈಗ ನಿಂತೋಗುತ್ತಾ?"

ಗಿರಿಜಾದೇವಿಗೆ ನಗು ಬರಲಿಲ್ಲ. ಅಲ್ಲಿ ಬಿಪಿ ಮಾತ್ರೆಯವರಿದ್ದಾರೋ, ಬಸುರಿ ಬಾಣಂತಿಯರಿದ್ದಾರೋ. ಬಾಯಿಬಿಟ್ಟರೆ ಹಂಚು ಹೋಯಿತು. ಬಿಡದಿದ್ದರೆ ಯಾರ ಹೊಟ್ಟೆಯಲ್ಲಿ ಏನಾಗುತ್ತದೋ ಎಂದು ನಿದ್ದೆ ಹೋಯಿತು. ಅಷ್ಟರಲ್ಲಿ ಜಂಬಣ್ಣನವರದೇ ಫೋನು.

"ಏನ್ ರೊಟ್ಟಿ ತಾಯಿ! ಬೀಗರು ಬಿಡ್ತಾನೇ ಇಲ್ಲ. ಏನ್ ಹಾಕಿದ್ರಿ ಅಂತ ಕೇಳ್ತಿದಾರೆ. ಸ್ಪೀಕರ್‌ಗೆ ಹಾಕಿದೀನಿ, ನೀವೇ ಹೇಳ್ಬಿಡಿ."

ಹೇಳಿಯೇಬಿಟ್ಟಳು. ಸೋಯಾ, ಅಗಸೆ, ಶತಾವರಿ, ಮುಟ್ಟು ನಿಲ್ಲುವ ಹೆಂಗಸರ ಬಿಸಿಗೆ ಕುಡಿಯುವ ಪುಡಿ, ಕೈತಪ್ಪಿ ಬಿದ್ದಿದೆ, ಮಾತ್ರೆ ನುಂಗುವವರು, ಬಸುರಿಯರು ಡಾಕ್ಟರಿಗೆ ಒಂದು ಮಾತು ಹೇಳಿ, ಎಲ್ಲವನ್ನೂ ಒಂದೇ ಉಸಿರಿಗೆ.

ಆ ಕಡೆ ಯಾರದೋ ತಟ್ಟೆ ಕೆಳಗಿಟ್ಟ ಸದ್ದು. ಆಮೇಲೆ ಬೀಗಿತ್ತಿಯ ದನಿ ಬಂತು: "ತಂಗೀ, ನನಗೂ ಅದೇ ಬಿಸಿ ನೋಡವಾ. ಆ ಪುಡಿ ಎಲ್ಲಿ ಸಿಗ್ತತಿ?" ಅದರ ಹಿಂದೆ ಹೆಂಗಸರ ನಗು ಹೋ ಎಂದು ಎದ್ದಿತು.

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಚನ್ನವೀರೇಶ. ಕೈ ಮೀಸೆಯ ಮೇಲಿತ್ತು.

"ನಾನು ಮೂರು ತಿಂದಿದೀನಿ ಕಣೇ! ಇದು ಉದುರುತ್ತಾ?"

ಉತ್ತರಕ್ಕೂ ಕಾಯದೆ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡೇ ಮೂಲೆಯ ಕ್ಲಿನಿಕ್ಕಿಗೆ ಓಡಿದ. ಅವನು ತಿರುಗಿ ಬರುವವರೆಗೆ ಗಿರಿಜಾದೇವಿ ಹಂಚನ್ನು ತೊಳೆದದ್ದೇ ತೊಳೆದದ್ದು. ಇವತ್ತೇ ಕೊನೆ ಅಂದುಕೊಂಡಿದ್ದಳು.

ಬಂದವನು ಜಗಲಿಯ ಮೇಲೆ ಕೂತು ನೀರು ಕೇಳಿದ. "ಡಾಕ್ಟರ್ ಸೌಮ್ಯಶ್ರೀ ನಕ್ಕಿದ್ದೇ ನಕ್ಕಿದ್ದು. ಒಂದು ಹೊತ್ತು ತಿಂದ್ರೆ ನನಗೇನೂ ಆಗಲ್ವಂತೆ. ಆಮೇಲೆ ನಗು ನಿಲ್ಸಿ ನನ್ನನ್ನೇ ಬೈದ್ರು. ಹೆಂಡ್ತಿ ಇಷ್ಟು ದಿನ ಬೇಯ್ತಾ ಇದ್ರೆ ನಿಮಗೆ ಗೊತ್ತಾಗ್ಲಿಲ್ವಾ ಅಂತ."

"ಪುಡಿ ಬಗ್ಗೆ ಏನಂದ್ರು?"

"ಕೆಲವರಿಗೆ ಹಿಡಿಸುತ್ತಂತೆ, ಕೆಲವರಿಗೆ ಇಲ್ವಂತೆ. ನಿನ್ನ ಕರ್ಕೊಂಡ್ ಬರ್ಬೇಕಂತೆ. ಇದು ಕಾಯಿಲೆ ಅಲ್ವಂತೆ."

"ಹಂಗಾದ್ರೆ ಶೆಡ್ಡು?"

ಚನ್ನವೀರೇಶ ಲೋಟದೊಳಗೆ ನೋಡಿದ. "ದಾರೀಲಿ ಜಂಬಣ್ಣ ಫೋನ್ ಮಾಡಿದ್ರು. ಮದುವೆಗೂ ರೊಟ್ಟಿ ನಿಂದೇ ಅಂತೆ, ಪುಡಿ ಬಿಟ್ಟು. ಅಷ್ಟು ಜನರ ಎದುರು ನಾನ್ಯಾಕೆ ಕೆಟ್ಟೋನಾಗ್ಲಿ? ಆದ್ರೆ ಬಿಸಿ ಏರಿದಾಗ ಹಂಚಿನ ಮುಂದಿಂದ ಎದ್ದು ಬರ್ಬೇಕು. ಇದು ಡಾಕ್ಟರ್ ಮಾತು, ನಂದಲ್ಲ."

ಏಳುವುದೇ ಅವಳಿಗೆ ಕಷ್ಟದ ಮಾತು. ಮಾರನೆಯ ದಿನ ಗಿರಾಕಿಗಳು ಸಾಲಾಗಿ ನಿಂತಿರುವಾಗಲೇ ಕುತ್ತಿಗೆ ಕಾಯತೊಡಗಿತು. ಸ್ವಲ್ಪ ಹೊತ್ತು ಹಲ್ಲು ಕಚ್ಚಿದಳು. ಆಮೇಲೆ ರೊಟ್ಟಿಗೆ ನೀರು ಸವರುವ ಬಟ್ಟೆಯನ್ನು ವರಲಕ್ಷ್ಮಿಯ ಕೈಗಿಟ್ಟು ಗೇಟಿನ ಹತ್ತಿರ ಬಂದು ನಿಂತಳು.

"ನನಗೆ ಬಿಸಿ ಏರಿದೆ, ಇಳಿದ ಮೇಲೆ ಬರ್ತೀನಿ. ಅವಸರ ಇದ್ದೋರು ಅವಳು ಬಡಿದದ್ದು ತಗೊಳ್ಳಿ. ಅಂಚು ಸೊಟ್ಟ ಇರುತ್ತೆ, ಬೈಬೇಡಿ."

"ಸೊಟ್ಟ ಇದ್ರೆ ಹೊಟ್ಟೇಲಿ ಇಳಿಯಲ್ವಾ ಅಕ್ಕ?" ಎಂದು ಒಳಗಿಂದ ವರಲಕ್ಷ್ಮಿ ಕೂಗಿದಳು. ಸಾಲು ನಕ್ಕಿತು, ಕದಲಲಿಲ್ಲ. ಚನ್ನವೀರೇಶ ಅಂದಿನ ಪೇಪರು ಮಡಿಚಿ ತಂದು ಬಹಳ ಗಂಭೀರವಾಗಿ ಬೀಸತೊಡಗಿದ. ಅರ್ಧ ಗಾಳಿ ಅವನ ಮುಖಕ್ಕೇ ಹೋಗುತ್ತಿತ್ತು.

"ಈ ಕಡೆ ಬೀಸ್ರೀ" ಅಂದಳು ಗಿರಿಜಾದೇವಿ.