ಅವ್ವನ ಮೊಳೆ, ನನ್ನ ಗೆರೆ

ನಮ್ಮವ್ವ ಮೊಳೆ ಹೊಡೆಯುವುದನ್ನು ನೀವು ನೋಡಬೇಕು. ಸುತ್ತಿಗೆ ಹುಡುಕುವಷ್ಟು ತಾಳ್ಮೆ ಆಕೆಗೆಲ್ಲಿದೆ? ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿಯೇ ಸುತ್ತಿಗೆ. ಜರಡಿಗೊಂದು ಮೊಳೆ, ಕೈಚೀಲಕ್ಕೊಂದು, ಕ್ಯಾಲೆಂಡರಿಗೊಂದು. ಹಳೇ ಮೊಳೆ ಖಾಲಿ ಇದ್ದರೂ ಹೊಸದೇ ಆಗಬೇಕು. ಪಿರಿಯಾಪಟ್ಟಣದ ನಮ್ಮ ಮನೆಯ ಅಡುಗೆಮನೆ ಗೋಡೆಗೆ ಸಿಡುಬು ಎದ್ದಂತಾಗಿದೆ.

ಅದೇ ಗೋಡೆಗೆ ಹೊಸದೊಂದು ಪ್ಲಗ್ ಪಾಯಿಂಟ್ ಬೇಕಾಯಿತು. ಗ್ರೈಂಡರಿಗೆ ಎಳೆದಿದ್ದ ಎಕ್ಸ್‌ಟೆನ್ಷನ್ ವೈರು ಒದ್ದೆ ನೆಲದ ಮೇಲೆ ಹಾವಿನಂತೆ ಬಿದ್ದಿರುತ್ತಿತ್ತು. ಮೊನ್ನೆ ಅವ್ವ ಅದಕ್ಕೆ ಎಡವಿ ಬಿದ್ದೇಬಿಡುತ್ತಿದ್ದಳು. ಸಾಕಪ್ಪ ಸಾಕು, ಮೂಲೆಯಲ್ಲೇ ಪಾಯಿಂಟ್ ಹಾಕಿಸೋಣ ಎಂದುಕೊಂಡೆ.

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. (ಗೊತ್ತಲ್ಲ, ಹಳೇ ಕಾಯಿಲೆ.) ಪೆನ್ಸಿಲ್, ಉದ್ದನೆಯ ಸ್ಕೇಲ್ ತಂದೆ. ಬಾಗಿಲ ಪಕ್ಕ ತಲೆಯೆತ್ತರದಲ್ಲಿರುವ ಸ್ವಿಚ್ ಬೋರ್ಡಿನಿಂದ ಮೂಲೆಯಲ್ಲಿ ಮೊಣಕಾಲೆತ್ತರದವರೆಗೆ ಓರೆಯಾಗಿ ಒಂದು ಗೆರೆ ಎಳೆದೆ. ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ! ಇದನ್ನು ಯಾರಾದರೂ ಅಲ್ಲಗಳೆಯಲು ಸಾಧ್ಯವೇ?

ಎಲೆಕ್ಟ್ರಿಷಿಯನ್ ಪುಟ್ಟರಾಜು ಅಲ್ಲಗಳೆದರು.

"ಯಾರು ಮೇಷ್ಟ್ರೇ ಈ ಗೆರೆ ಎಳ್ದಿದ್ದು?"

"ನಾನೇ ಕಣ್ರೀ. ವೈರು ಉಳಿಯುತ್ತೆ, ಗೋಡೆ ಕೊರೆಯೋದೂ ಕಮ್ಮಿ."

ಪುಟ್ಟರಾಜು ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅವ್ವನ ಕಡೆ ತಿರುಗಿದರು. "ಅವ್ವಾ, ನೀವು ಮೊಳೆ ಎಲ್ಲೆಲ್ಲಿ ಒಡೀತೀರಾ?"

"ಕೈ ಎಟುಕಿದ ಕಡೆ ಕಣಪ್ಪಾ. ಇದೇನ್ ಇಂಗ್ ಕೇಳ್ತೀಯೆ?"

"ಅಷ್ಟೇ ಬೇಕಾಗಿದ್ದು ಬುಡಿ" ಎಂದವರೇ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಟೆಸ್ಟರ್ ಇಟ್ಟು ಒಂದಲ್ಲ, ಎರಡು ಸಲ ನೋಡಿದರು. ಆಮೇಲೆ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೆ, ತಾರಸಿಯ ಬುಡದವರೆಗೂ ಗೋಡೆ ಕೊರೆದರು. ಅಲ್ಲಿಂದ ನೆಟ್ಟಗೆ ಅಡ್ಡಕ್ಕೆ. ಮತ್ತೆ ಮೂಲೆಯಲ್ಲಿ ನೆಟ್ಟಗೆ ಕೆಳಕ್ಕೆ. ಒಳಗೆ ಪೈಪು, ಪೈಪಿನೊಳಗೆ ಅರ್ತಿಂಗ್ ಸೇರಿ ಮೂರು ವೈರು.

ನನಗೆ ರೇಗಿತು. "ಹುಣಸೂರಿಗೆ ಹೋಗೋಕೆ ಮೈಸೂರು ಸುತ್ಕೊಂಡು ಬಂದಂಗಾಯ್ತಲ್ರೀ!"

ಪುಟ್ಟರಾಜು ಏಣಿಯಿಂದ ಇಳಿದರು. "ಸಿಮೆಂಟ್ ಬಳ್ದ್ ಮ್ಯಾಲೆ ನಿಮ್ ವೈರು ಯಾರಿಗ್ ಕಾಣ್ತದೆ ಮೇಷ್ಟ್ರೇ? ನೆಟ್ಟಗೆ ಓಗಿದ್ರೆ ಸ್ವಿಚ್ ನೋಡ್ದೋರಿಗೆ ಗೊತ್ತಾಯ್ತದೆ, ಇದ್ರ ನೆತ್ತಿ ಮ್ಯಾಲೆ ವೈರದೆ ಅಂತ. ಓರೆಯಾಗ್ ಓದ್ರೆ ಎಳ್ದೋನ್ಗೆ ಬುಟ್ರೆ ಇನ್ಯಾರ್ಗೂ ತಿಳಿಯಾಕಿಲ್ಲ." ಮತ್ತೆ ಅವ್ವನಿಗೆ, "ಈ ಸ್ವಿಚ್‌ಗಳ ನೆತ್ತಿ ಮ್ಯಾಲೆ ಮಾತ್ರ ಮೊಳೆ ಒಡೀಬ್ಯಾಡಿ ಅವ್ವಾ" ಎಂದರು. ಸಿಮೆಂಟ್ ಬಳಿಯುವ ಮುಂಚೆ ಪೈಪಿನ ಪಕ್ಕ ಅಳತೆಯ ಟೇಪು ಹಿಡಿದು ನನ್ನಿಂದ ಫೋಟೋ ಬೇರೆ ತೆಗೆಸಿದರು. ಇದೊಂದು ಅತಿಯಾಯಿತು ಎಂದುಕೊಂಡೇ ತೆಗೆದೆ.

ಕಳೆದ ಸೋಮವಾರ ಅವ್ವ ಬೀದಿಯ ಹೆಂಗಸರ ಜೊತೆ ಬೆಟ್ಟದಪುರಕ್ಕೆ ಹೋಗಿ ಬಂದಳು. ಬರುವಾಗ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಫೋಟೋ ತಂದಳು, ಕಟ್ಟು ಹಾಕಿಸಿದ್ದು. ಸಂಜೆ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಮೊಳೆ ಹೊಡೆದು ಅಡುಗೆಮನೆಯಲ್ಲಿ ತಗುಲಿಸಿಯೂ ಆಗಿತ್ತು. (ಸಿಡಿಲಿನ ದೇವರಿಗೆ ಕರೆಂಟಿನ ಗೋಡೆಯೇ ಆಗಬೇಕಿತ್ತೇ!)

ಎಲ್ಲಿ ಹೊಡೆದಿದ್ದಳು ಗೊತ್ತೇ? ನನ್ನ ಗೆರೆಯ ಮೇಲೆ.

ಅಳಿಸಲು ಸೋಮಾರಿತನವಾಗಿ ಹಾಗೇ ಬಿಟ್ಟಿದ್ದ ಪೆನ್ಸಿಲ್ ಗೆರೆ. ಅದರ ಮೇಲೆ ಸರಿಯಾಗಿ, ನಾನೇ ಗುರುತು ಹಾಕಿಕೊಟ್ಟಂತೆ, ಎರಡಿಂಚಿನ ಮೊಳೆ. ಅವ್ವ ಆಗತಾನೇ ತೊಳೆದ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಕೈಯಲ್ಲಿ ಇನ್ನೂ ಕಬ್ಬಿಣದ ಕುಟ್ಟಾಣಿ.

ಫೋನಿನಲ್ಲಿ ಪುಟ್ಟರಾಜು ತೆಗೆಸಿದ್ದ ಫೋಟೋ ಹುಡುಕಿ ನೋಡಿದೆ; ಪೈಪು ಆ ಮೊಳೆಯ ಹತ್ತಿರವೂ ಇರಲಿಲ್ಲ. ನನ್ನ ಮಾತು ನಡೆದಿದ್ದರೆ?

ಎಂಥ ಮನುಷ್ಯನಪ್ಪಾ ಈ ಪುಟ್ಟರಾಜು! ಅರ್ಧ ದಿನದ ಕೆಲಸಕ್ಕೆ ಬಂದವರು, ತಾವು ಹೊರಟುಹೋದ ಮೇಲೆ ಈ ಗೋಡೆಯ ಮೇಲೆ ಯಾವ ಕೈ ಏನು ಮಾಡೀತು ಎಂದು ಯೋಚಿಸಿದ್ದರಲ್ಲ! ಅವ್ವನ ಜೊತೆ ಇಷ್ಟು ವರ್ಷ ಬದುಕಿದ ನನಗೆ ಅದು ಹೊಳೆಯಲಿಲ್ಲ. ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವ ತ್ರಿಕೋನದಲ್ಲಿ ಯಾರೂ ವಾಸ ಮಾಡುವುದಿಲ್ಲವಲ್ಲ, ಅದಕ್ಕೇ ಇರಬೇಕು. ನಮ್ಮ ತಾಲ್ಲೂಕಿನ ಎಷ್ಟು ಗೋಡೆಗಳೊಳಗೆ ಇಂಥವರ ಎಚ್ಚರ ಮಲಗಿದೆಯೋ! ಆಗದೇ ಹೋದ ಅನಾಹುತಕ್ಕೆ ಯಾರು ಥ್ಯಾಂಕ್ಸ್ ಹೇಳುತ್ತಾರೆ?

ನಾನು ಹೇಳಿದೆ. ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಅಂಗಾ? ಸರಿ ಬುಡಿ ಮೇಷ್ಟ್ರೇ. ಗ್ರೈಂಡರ್ ಚೆನ್ನಾಗ್ ಓಡ್ತದಾ?" ಎಂದರು, ಅಷ್ಟೇ.

ಫೋನ್ ಇಟ್ಟು ಮತ್ತೆ ಗೋಡೆಯನ್ನೇ ನೋಡುತ್ತಿದ್ದೆ. ಅವ್ವನಿಗೆ ಅನುಮಾನ ಬಂತು. "ಯಾಕ್ಲಾ ಮಗಾ ಅಂಗ್ ನೋಡ್ತೀಯೆ? ಮೊಳೆ ಸೊಟ್ಟಗದಾ?"

ಇಲ್ಲ ಕಣವ್ವಾ, ಮೊಳೆ ನೆಟ್ಟಗೇ ಇದೆ. ಸೊಟ್ಟಗಿದ್ದದ್ದು ಮೇಷ್ಟ್ರ ಲೆಕ್ಕ.