ಕಾರುಗಳಿಗೊಬ್ಬ ಕಂಡಕ್ಟರ್

ನನ್ನ ತಮ್ಮ ಬಸ್ಸಿನ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದರೂ ಕೊರಳಿನಿಂದ ಸೀಟಿ ಇಳಿಯಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತರೆ ಸಾಕು, ಒಳಗೆ ನಡೀರಿ, ಜಾಗ ಇದೆ ಎನ್ನುತ್ತಿದ್ದ.

"ಅತ್ತಿಗೆ, ಇವ್ರನ್ನ ಎಲ್ಲಾದ್ರೂ ಕೆಲಸಕ್ಕೆ ಹಚ್ಚಿ. ಇಲ್ಲಾಂದ್ರೆ ಮುಂದಿನ ಸ್ಟಾಪಲ್ಲಿ ನಾನೇ ಇಳಿದುಬಿಡ್ತೀನಿ" ಎಂದು ಅವಳು ನನ್ನ ಮುಂದೆ ಗೋಳು ತೋಡಿಕೊಂಡಳು.

ಅಷ್ಟರಲ್ಲಿ ಬೀದಿಯ ಕೊನೆಗೆ ಹೊಸ ಕಟ್ಟಡ ಎದ್ದಿತು. ಮಹಡಿಯ ಮೇಲೆ ಮಹಡಿ. ಮನೆಗೊಂದು ಕಾರು, ಕಾರಿಗೊಬ್ಬರೇ ಆಸಾಮಿ ಎಂದಾದರೆ ಬೀದಿಯ ಗತಿಯೇನು? ಅದಕ್ಕೇ ನಗರಸಭೆಯವರು ಅನುಮತಿ ಕೊಡುವಾಗಲೇ ಷರತ್ತು ಹಾಕಿದ್ದರು. ಒಂದು ಕಾರಿನಲ್ಲಿ ಇಬ್ಬರು ಮೂವರು ಕೂಡಿ ಹೋಗುವಂತೆ ನೋಡಿಕೊಳ್ಳಲು ಗೇಟಿನಲ್ಲಿ ಒಬ್ಬನನ್ನು ಇಡಬೇಕು, ತಾವೊಂದು ದಿನ ಬಂದು ನೋಡುತ್ತೇವೆ ಎಂದು. ಆ ಒಬ್ಬ ನನ್ನ ತಮ್ಮನಾದ. ಅಂದು ಕಾರುಗಳು ತುಂಬಿ ಹೋದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಯ ದಾರಿ ಎಂದು ಕಟ್ಟಡದ ಕಾರ್ಯದರ್ಶಿ ಮೊದಲೇ ಹೇಳಿಬಿಟ್ಟ.

ಎಲ್ಲರಿಗಿಂತ ಗಟ್ಟಿ ಆಸಾಮಿ ವಕೀಲಮ್ಮ. ಒಂಟಿ ಸಲಗ ಎಂದೇ ಅವಳನ್ನು ಕರೆಯುತ್ತಿದ್ದರು. ಪಕ್ಕದ ಸೀಟು ತನ್ನ ಬ್ಯಾಗಿನದು ಎಂದು ಕಡ್ಡಿ ಮುರಿದಂತೆ ಹೇಳಿದ್ದಳು.

ನಗರಸಭೆಯವರು ಬಂದ ಬೆಳಿಗ್ಗೆ ತಮ್ಮನಿಗೆ ಹಳೆಯ ಹುರುಪು ಬಂತು. ಜನರನ್ನು ಸಾಲಾಗಿ ನಿಲ್ಲಿಸಿ, ಬಂದ ಬಂದ ಕಾರಿಗೆ ತುಂಬಿದ. ವಕೀಲಮ್ಮನ ಬ್ಯಾಗನ್ನು ಡಿಕ್ಕಿಗೆ ಹಾಕಿ, ಆ ಜಾಗದಲ್ಲಿ ಹಲ್ಲಿನ ಡಾಕ್ಟರನ್ನು ಕೂರಿಸಿ ಸೀಟಿ ಊದಿದ. ಹಿಂದಿನ ಕಾರುಗಳ ಹಾರನ್ನಿನಲ್ಲಿ ಯಾರಿಗೂ ತುಟಿ ಬಿಚ್ಚಲು ಬಿಡುವಾಗಲಿಲ್ಲ. ನಗರಸಭೆಯವರು ತಲೆದೂಗಿ ಹೋದರು.

ಬಸ್ಸು ಹತ್ತಿದವರಿಗೆಲ್ಲ ಒಂದೇ ದಾರಿ. ಕಾರು ಹಾಗಲ್ಲವಲ್ಲ. ಯಾರು ಎಲ್ಲಿಗೆ ಎಂದು ಅವನು ಕೇಳಿರಲೇ ಇಲ್ಲ! ಡಾಕ್ಟರು ಕೋರ್ಟಿಗೆ ಹೋದರು, ಗಣಿತದ ಮೇಷ್ಟರು ತರಕಾರಿ ಮಂಡಿಗೆ. ಅತ್ತ ರೋಗಿಗಳು ದವಡೆ ಹಿಡಿದುಕೊಂಡು ಬೀಗದ ಮುಂದೆ ಕೂತಿದ್ದರಂತೆ.

ಸಂಜೆ ಸಭೆ ಸೇರಿತು. ನಾನೂ ತಮ್ಮನ ಹೆಂಡತಿಯೂ ಹಿಂದೆ ನಿಂತಿದ್ದೆವು. ಎಲ್ಲರ ಬೈಗುಳ ಮುಗಿಯುವುದರೊಳಗೆ ತಮ್ಮ ಸೀಟಿಯನ್ನು ಕಳಚಿ ಮೇಜಿನ ಮೇಲಿಟ್ಟ. ಅವನು ಹಾಗೆ ಬರಿಗೊರಳಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾರ್ಯದರ್ಶಿ ಲೆಕ್ಕ ಚುಕ್ತಾ ಮಾಡುವ ಮಾತೆತ್ತಿದಾಗ ವಕೀಲಮ್ಮ ಎದ್ದಳು.

"ಹೊರಟಾಗ ನಾನು ಡಾಕ್ಟರನ್ನ ಬೈದೆ, ಅವ್ರು ನನ್ನ ಬೈದ್ರು. ಆಮೇಲೆ ಇಬ್ರೂ ಸೇರಿ ಈ ಕಂಡಕ್ಟರ್‌ನ ಬೈಯೋ ಹೊತ್ತಿಗೆ ಕೋರ್ಟೇ ಬಂದುಬಿಡ್ತು. ಇಷ್ಟು ವರ್ಷ ಆ ಟ್ರಾಫಿಕ್ಕಲ್ಲಿ ಬೈಯೋಕೂ ಒಂದು ಜೊತೆ ಇರ್ಲಿಲ್ಲ ನಂಗೆ. ಇವ್ರು ಇರ್ಲಿ. ಹತ್ತಿಸೋ ಮುಂಚೆ ಎಲ್ಲಿಗೆ ಅಂತ ಕೇಳ್ಲಿ, ಅಷ್ಟೇ."

ಡಾಕ್ಟರು ಹೂಂ ಎಂದರು. ಅವರು ಹೂಂ ಎಂದ ಮೇಲೆ ಮೇಷ್ಟರೂ ನಕ್ಕರು. ಕಾರ್ಯದರ್ಶಿ ಸೀಟಿಯನ್ನು ತಮ್ಮನ ಕಡೆಗೆ ತಳ್ಳಿದ.

ಕೆಲಸ ಖಾಯಂ ಆಯಿತು. ಆದರೆ ಈಗ ತಮ್ಮನಿಗೆ ಕೇಳುವ ಚಟ ಅಂಟಿಕೊಂಡಿದೆ. ಹೆಂಡತಿ ಕೂತಲ್ಲಿಂದ ಎದ್ದರೂ "ಎಲ್ಲಿಗೆ?" ಎನ್ನುತ್ತಾನೆ.

"ಎಲ್ಲಿಗಾದ್ರೂ ಸರಿ. ನಾನು ಮಾತ್ರ ಒಬ್ಳೇ ಹೋಗ್ತೀನಿ" ಎನ್ನುತ್ತಾಳೆ ಅವಳು.